ಹೌದು ಬುದ್ಧಿ

ಚಾಮರಾಜನಗರ, ಗುಂಡ್ಲುಪೇಟೆಗಳ ನಡುವಿನ ಸೀಮೆಯಲ್ಲಿ ಉಡಿಗಾಲ ಎಂಬ ಊರಿದೆ. ಅರಿಶಿನದ ವ್ಯಾಪಾರ ಮಾಡುವ ನನ್ನ ಗೆಳೆಯನೊಬ್ಬ ವರ್ಷಕ್ಕೆ ಎರಡು ಮೂರು ಸಲ ಆ ಕಡೆ ಹೋಗುತ್ತಾನೆ. ಕಳೆದ ಚಳಿಗಾಲದಲ್ಲಿ ನಾನೂ ಅವನ ಜೊತೆಗಿದ್ದೆ. ಅವನು ದರ ಮಾತಾಡುವುದರಲ್ಲಿ ಮುಳುಗಿದ್ದಾಗ ನಾನು ಟೀ ಅಂಗಡಿಯ ಜಗಲಿಯ ಮೇಲೆ ಕೂತೆ. ಸಂಜೆ ಹೊತ್ತು, ಹೊಲದಿಂದ ಬಂದವರು ಕೈಕಾಲು ತೊಳೆದು ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು. ಏಳೆಂಟು ಜನ ಇದ್ದಿರಬಹುದು. ಆ ಕೂಟಕ್ಕೆ ಹೆಸರಿಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಡಿಗ್ರಿ ಓದುತ್ತಿರುವ ಹುಡುಗನೊಬ್ಬ ಮೊಬೈಲಿನಲ್ಲಿ ಅವತ್ತಿನ ಸುದ್ದಿ ಓದುತ್ತಾನೆ. ಉಳಿದವರು ಕೇಳುತ್ತಾರೆ, ನಡುವೆ ತಡೆಯುತ್ತಾರೆ, ಬೈಯುತ್ತಾರೆ, ನಗುತ್ತಾರೆ. ದಿನವೂ ಹೀಗೆಯೇ ನಡೆಯುತ್ತದಂತೆ.

ಅವತ್ತು ಚರ್ಚೆಗೆ ಬಂದದ್ದು ಒಂದು ವೀಡಿಯೊ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಮುಂದಿನ ತಿಂಗಳಿಂದ ನಿಂತುಹೋಗುತ್ತದೆ ಎಂದು ದೊಡ್ಡ ಮನುಷ್ಯರೊಬ್ಬರು ಅದರಲ್ಲಿ ಹೇಳುತ್ತಿದ್ದರು. ಮುಖ ಅವರದೇ, ಧ್ವನಿಯೂ ಅವರದೇ. ಬೆಳಿಗ್ಗೆಯಿಂದ ಊರಿನ ಹೆಂಗಸರೆಲ್ಲ ಕಂಗಾಲಾಗಿದ್ದರು. ಹುಡುಗ ಎರಡು ಮೂರು ಸಲ ನೋಡಿ, ತುಟಿಗೂ ಮಾತಿಗೂ ತಾಳೆಯಾಗುತ್ತಿಲ್ಲ, ಇದು ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದು ಅಂದ. ಕಂಬಕ್ಕೆ ಒರಗಿ ಕೂತಿದ್ದ ಹಿರಿಯರೊಬ್ಬರು ಕೇಳಿದರು:

“ಅದೇನ್ಲಾ ಕೂಸು, ಕೃತಕ ಬುದ್ಧಿ ಅಂದ್ರ? ನಮ್ಮಪ್ಪ ಯಜಮಾನ್ರ ಮುಂದ ಕೈಕಟ್ಟಿ ನಿಂತ್ಕಂಡು ಹೌದು ಬುದ್ಧಿ, ಹೌದು ಬುದ್ಧಿ ಅಂತಿದ್ದ. ಇದೂ ಅದೇ ಬುದ್ಧಿಯಾ?”

ಎಲ್ಲರೂ ನಕ್ಕರು. ಅವರು ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, “ನೀವೇ ಹೇಳಿ ಸಾಬ್ರೇ, ಓದ್ದವ್ರು” ಅಂದರು. ನನಗೆ ಥಟ್ಟನೆ ಏನೂ ಹೊಳೆಯಲಿಲ್ಲ.

ಹಳೆಯ ಮೈಸೂರು ಸೀಮೆಯವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಕರ್ನಾಟಕದ, ಕರಾವಳಿಯ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಬುದ್ಧಿ ಎಂದರೆ ತಿಳಿವಳಿಕೆ ಮಾತ್ರವಲ್ಲ, ಅದೊಂದು ಸಂಬೋಧನೆ. ಜೀತಕ್ಕಿದ್ದವನು ಒಡೆಯನನ್ನು, ಕೂಲಿಯವನು ಜಮೀನ್ದಾರನನ್ನು, ಕೇರಿಯವನು ಊರಿನವನನ್ನು ಕರೆಯುತ್ತಿದ್ದುದು ಹಾಗೆ. ಬುದ್ಧಿ ಇರುವುದು ಅತ್ತ, ದುಡಿಮೆ ಇರುವುದು ಇತ್ತ ಎಂಬ ಇಡೀ ಒಂದು ವ್ಯವಸ್ಥೆ ಆ ಎರಡಕ್ಷರದೊಳಗೆ ಕೂತಿದೆ. ಈ ಒಂದು ನೂರು ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ರಾತ್ರಿ ಶಾಲೆ, ವಾಚನಾಲಯ, ರೇಡಿಯೊ ಕೂಟ, ಸಾಕ್ಷರತಾ ಕೇಂದ್ರ, ಮಹಿಳಾ ಸಂಘ ಎಂದು ಜನ ಗುಂಪುಗೂಡಿ ಕಲಿತ ಚರಿತ್ರೆಯನ್ನು ಈ ಸಂಬೋಧನೆಯನ್ನು ಬಿಟ್ಟು ಬರೆಯಲು ಬರುವುದಿಲ್ಲ ಎಂದು ನನಗೆ ಆಮೇಲೆ ಅನ್ನಿಸಿತು.

ನನ್ನ ಮಟ್ಟಿಗೆ ಇಂಥ ಮೊದಲ ಕೂಟ ಮೈಸೂರಿನ ಮಂಡಿ ಮೊಹಲ್ಲಾದಲ್ಲಿದ್ದ ನಾನಿಯ ಮನೆಯ ಅಂಗಳ. ರಜೆಯಲ್ಲಿ ಅಲ್ಲಿಗೆ ಹೋಗುತ್ತಿದ್ದೆ. ನಾನಿ, ಇಬ್ಬರು ಖಾಲಾಗಳು, ಅಕ್ಕಪಕ್ಕದ ನಾಲ್ಕು ಹೆಂಗಸರು ಮೊರಗಳನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಉರ್ದು ಓದಲು ಬರುತ್ತದೆ ಎಂಬ ಒಂದೇ ತಪ್ಪಿಗೆ ನನ್ನನ್ನು ನಡುವೆ ಕೂರಿಸಿ ‘ಸಾಲಾರ್’ ಪತ್ರಿಕೆ ಓದಿಸುತ್ತಿದ್ದರು. 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಈ ದಿನಪತ್ರಿಕೆ ನಮ್ಮ ಮೊಹಲ್ಲಾಗಳಲ್ಲಿ ಒಂದು ಪ್ರತಿ ಹತ್ತು ಮನೆ ತಿರುಗುತ್ತಿತ್ತು. ಅದು 1991ರ ಕೊಲ್ಲಿ ಯುದ್ಧದ ಕಾಲ. ಸದ್ದಾಂ ಎಲ್ಲಿ, ಕುವೈತ್ ಎಲ್ಲಿ, ಮಕ್ಕಾಕ್ಕೆ ಎಷ್ಟು ದೂರ ಎಂದು ಖಾಲಾ ಕೇಳುತ್ತಿದ್ದಳು. ನಾನು ಶಾಲೆಯ ಭೂಪಟ ತಂದು ತೋರಿಸುತ್ತಿದ್ದೆ. ನಾನಿ ಒಂದೇ ಮಾತು ಕೇಳುತ್ತಿದ್ದರು: “ಬರೆದವನು ಅಲ್ಲಿಗೆ ಹೋಗಿದ್ದನಾ, ಇಲ್ಲೇ ಕೂತು ಬರೆದನಾ?” ಶಾಲೆಯ ಮುಖ ನೋಡದ ಹೆಂಗಸು ಅವರು.

ಕೈ ಕೆಲಸದಲ್ಲಿರುವಾಗ ಕಿವಿಗೆ ಓದು ಎಂಬ ಈ ಪದ್ಧತಿ ನಮ್ಮ ಮೊಹಲ್ಲಾದ್ದೇ ಅಲ್ಲ ಎಂದು ತಿಳಿದದ್ದು ಬಹಳ ವರ್ಷಗಳ ನಂತರ. ಕ್ಯೂಬಾದ ಹವಾನಾ ನಗರದ ಚುಟ್ಟಾ ಕಾರ್ಖಾನೆಯೊಂದರಲ್ಲಿ 1865ರಲ್ಲಿ ಇದು ಆರಂಭವಾಯಿತು. ಕೆಲಸಗಾರರು ತಮ್ಮ ಕೂಲಿಯಲ್ಲೇ ಇಷ್ಟಿಷ್ಟು ಕೂಡಿಸಿ ಒಬ್ಬ ಓದುಗನನ್ನು ಇಟ್ಟುಕೊಂಡರು. ಅವನು ಎತ್ತರದ ಪೀಠದ ಮೇಲೆ ಕೂತು ಪತ್ರಿಕೆ, ಕಾದಂಬರಿ ಓದುತ್ತಿದ್ದ. ಏನು ಓದಬೇಕೆಂದು ಕೆಲಸಗಾರರೇ ತೀರ್ಮಾನಿಸುತ್ತಿದ್ದರು. ಮರುವರ್ಷವೇ, 1866ರಲ್ಲಿ, ಸ್ಪೇನಿನ ವಸಾಹತು ಸರ್ಕಾರ ಅದನ್ನು ನಿಷೇಧಿಸಿತು. ಚುಟ್ಟಾ ಸುತ್ತುವವನು ಕಾದಂಬರಿ ಕೇಳಿದರೆ ಸರ್ಕಾರಕ್ಕೇನು ತೊಂದರೆ? ಕೇಳಿದವನು ಸುಮ್ಮನೆ ಎದ್ದು ಹೋಗುವುದಿಲ್ಲ, ಪಕ್ಕದವನ ಜೊತೆ ಮಾತಾಡುತ್ತಾನೆ, ಅದೇ ತೊಂದರೆ. ನಮ್ಮ ಪಕ್ಕದ ಕಣ್ಣೂರಿನ ಬೀಡಿ ಕಂಪನಿಗಳಲ್ಲೂ ಇದೇ ರೂಢಿಯಿತ್ತು. ಪತ್ರಿಕೆ ಓದುವವನ ಪಾಲಿನ ಬೀಡಿಯನ್ನು ಉಳಿದವರು ಸೇರಿ ಕಟ್ಟಿಕೊಡುತ್ತಿದ್ದರು. 1969ರಲ್ಲಿ ಅಲ್ಲಿ ಹುಟ್ಟಿದ ದಿನೇಶ್ ಬೀಡಿ ಸಹಕಾರ ಸಂಘವೂ ಈ ಓದನ್ನು ಬಿಡಲಿಲ್ಲ. ಗುಂಡ್ಲುಪೇಟೆಯಿಂದ ವಯನಾಡು ಗಡಿ ಎಷ್ಟು ದೂರ? ಬಂಡೀಪುರದ ಕಾಡು ದಾಟಿದರೆ ಆಯಿತು. 1945ರಲ್ಲಿ ತಿರುವಾಂಕೂರಿನಲ್ಲಿ ಪಿ.ಎನ್. ಪಣಿಕ್ಕರ್ ಕಟ್ಟಿದ ಗ್ರಂಥಶಾಲಾ ಸಂಘ ಮುಂದೆ ಇಡೀ ಕೇರಳಕ್ಕೆ ಹಬ್ಬಿತು. ಆದರೆ ಬಾಳೆಕಾಯಿ, ತರಕಾರಿ ಲಾರಿಗಳು ದಾಟಿದಷ್ಟು ಸಲೀಸಾಗಿ ಅದು ನಮ್ಮ ಕಡೆಗೆ ದಾಟಲಿಲ್ಲ.

ಹಾಗೆಂದು ಮೈಸೂರು ಸಂಸ್ಥಾನ ಕೈಕಟ್ಟಿ ಕೂತಿತ್ತು ಎನ್ನುವಂತಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1912ರಿಂದ 1918ರ ನಡುವೆ, ವಯಸ್ಕರಿಗೆ ಅಕ್ಷರ ಕಲಿಸುವ ಶಾಲೆಗಳು, ಊರಿಂದ ಊರಿಗೆ ಹೋಗುವ ಸಂಚಾರಿ ಪುಸ್ತಕ ಭಂಡಾರಗಳು ಬಂದವು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ ಮುಂದೆ ತನ್ನ ಅಧ್ಯಾಪಕರನ್ನು ಊರುಗಳಿಗೆ ಕಳಿಸಿ ಕನ್ನಡದಲ್ಲಿ ಉಪನ್ಯಾಸ ಕೊಡಿಸಿತು, ಅವನ್ನೇ ಸಣ್ಣ ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿಸಿತು. ಪ್ರಚಾರೋಪನ್ಯಾಸ ಮಾಲೆ ಎಂದು ಅದಕ್ಕೆ ಹೆಸರು. ಅವುಗಳಲ್ಲಿ ಕೆಲವನ್ನು ನಾನು ಮೈಸೂರಿನ ಹಳೆಯ ಪುಸ್ತಕದಂಗಡಿಗಳಲ್ಲಿ ಕೊಂಡಿದ್ದೇನೆ. ಕಬ್ಬಿಣದ ಕಡಲೆಯಂಥ ವಿಷಯವನ್ನು ಎದುರಿಗೆ ಕೂತ ರೈತನಿಗೆ ಹೇಳುವಂತೆ ಬರೆದಿದ್ದಾರೆ. ಇವತ್ತು ಕೃತಕ ಬುದ್ಧಿಮತ್ತೆಯ ಬಗ್ಗೆ ಅಂಥ ಮೂವತ್ತು ಪುಟದ ಕನ್ನಡ ಪುಸ್ತಕವೊಂದಿದ್ದರೆ ಆ ಸಂಜೆ ನನ್ನ ಮಾನ ಉಳಿಯುತ್ತಿತ್ತು.

1940ರ ದಶಕದಲ್ಲಿ ವಿದ್ಯಾರ್ಥಿಗಳು, ಅಧ್ಯಾಪಕರು ಹಚ್ಚಿದ ಅಕ್ಷರ ಪ್ರಚಾರದಿಂದ ಬೆಳೆದದ್ದು ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ. ಹೊಸದಾಗಿ ಓದು ಕಲಿತವರಿಗೆಂದೇ ಅದು ‘ಬೆಳಕು’ ಎಂಬ ವಾರಪತ್ರಿಕೆಯನ್ನು, ‘ಪುಸ್ತಕ ಪ್ರಪಂಚ’ ಎಂಬ ಮಾಸಿಕವನ್ನು ಹೊರಡಿಸಿತು. ಅಕ್ಷರ ಕಲಿಸಿ ಕೈಬಿಟ್ಟರೆ ಆರು ತಿಂಗಳಿಗೆ ಮರೆತುಹೋಗುತ್ತದೆ, ಓದಲು ಏನಾದರೂ ಇರಬೇಕು ಎಂಬ ಸರಳ ಸತ್ಯ ಅವರಿಗೆ ಗೊತ್ತಿತ್ತು. 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆದರು. ಡೆನ್ಮಾರ್ಕಿನಲ್ಲಿ ಗ್ರುಂಟ್ವಿಗ್ ಎಂಬ ಪಾದ್ರಿಯ ವಿಚಾರಗಳಿಂದ 1844ರಲ್ಲಿ ಆರಂಭವಾದ ಜನತಾ ಶಾಲೆಗಳು ಇದಕ್ಕೆ ಮಾದರಿ. ಹಳ್ಳಿಯ ತರುಣರು ಬಂದು ಕೆಲವು ತಿಂಗಳು ಒಟ್ಟಿಗೆ ಉಳಿಯಬೇಕು, ಬೇಸಾಯ ಮಾಡಬೇಕು, ದೇಶದ ಸುದ್ದಿ ಚರ್ಚಿಸಬೇಕು, ಊರಿಗೆ ಹಿಂತಿರುಗಬೇಕು. ಪರೀಕ್ಷೆ, ಸರ್ಟಿಫಿಕೇಟಿನ ಹಂಗಿಲ್ಲ. ನಂಜನಗೂಡು ನಮ್ಮ ಚಾಮರಾಜನಗರದ ರೈಲು ದಾರಿಯಲ್ಲೇ ಇದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನನ್ನ ದಾದಾ ಉರ್ದು ಓದುತ್ತಿದ್ದರು, ಕುರ್‌ಆನ್ ಓದುತ್ತಿದ್ದರು, ವ್ಯಾಪಾರದ ಲೆಕ್ಕ ಬರೆಯುತ್ತಿದ್ದರು. ಆದರೆ ಊರಿನ ರಾತ್ರಿ ಶಾಲೆಯ ಪಟ್ಟಿಯಲ್ಲಿ ಅವರು ಅನಕ್ಷರಸ್ಥ. ಮನೆಯಲ್ಲಿ ಹತ್ತು ಜನಕ್ಕೆ ಪತ್ರ ಬರೆದುಕೊಡುವ ಮನುಷ್ಯ ಅಲ್ಲಿ ಹೋಗಿ ಕೂತು ಅ, ಆ ತಿದ್ದಬೇಕು. ನಾಚಿಕೆಯಿಂದ ಎರಡನೆಯ ದಿನ ಹೋಗಲಿಲ್ಲವಂತೆ. ತಪ್ಪು ಶಾಲೆಯದೊಂದೇ ಎಂದು ನಾನು ಹೇಳುವುದಿಲ್ಲ. ಕನ್ನಡ ನಮ್ಮ ಅನ್ನದ ಭಾಷೆ, ಅದನ್ನು ಓದಲು ಕಲಿಯುವುದರಲ್ಲಿ ಅವಮಾನವೇನೂ ಇರಲಿಲ್ಲ, ದಾದಾ ಹಟ ಬಿಡಬೇಕಿತ್ತು. ಆದರೆ ಗೊತ್ತಿರುವುದನ್ನು ಗೊತ್ತಿದೆ ಎಂದು ಮೊದಲು ಒಪ್ಪಿಕೊಂಡು ಆಮೇಲೆ ಪಾಠ ಆರಂಭಿಸಿದ್ದರೆ ಅವರು ಉಳಿಯುತ್ತಿದ್ದರೇನೋ. ಅವರ ಮೊಮ್ಮಗ ಎರಡೂ ಲಿಪಿಗಳಲ್ಲಿ ಓದಿದ್ದಕ್ಕೆ ಆ ಒಂದು ರಾತ್ರಿಯ ನಾಚಿಕೆಯೂ ಕಾರಣ.

ಮೈಸೂರಿಗೆ ಇನ್ನೊಂದು ಹೆಮ್ಮೆಯಿದೆ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, 30 ವ್ಯಾಟ್‌ನ ಪುಟ್ಟ ಯಂತ್ರದಿಂದ ರೇಡಿಯೊ ಪ್ರಸಾರ ಆರಂಭಿಸಿದರು. ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟರು. ಅದೇ ಹೆಸರು ಮುಂದೆ ಇಡೀ ದೇಶದ ರೇಡಿಯೊಕ್ಕೆ ಬಂತು. ಯಾರೂ ಕಾಣದೆ ಮಾತು ಕೇಳಿಸುವ ಪೆಟ್ಟಿಗೆಯ ಮುಂದೆ ಹಳ್ಳಿಯ ಜನ ಮೊದಲ ಸಲ ಕೂತಾಗ ಹೆದರಿದವರೂ ಇದ್ದರು, ಕೈಮುಗಿದವರೂ ಇದ್ದರು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ರೇಡಿಯೊ ಮುಂದೆ ಕೂತು ಕೇಳಿ ಎದ್ದು ಹೋಗುವುದು ಒಂದು, ಕೇಳಿ ಆಮೇಲೆ ಕೂತು ವಾದ ಮಾಡುವುದು ಇನ್ನೊಂದು. ಈ ವ್ಯತ್ಯಾಸವನ್ನು ಅಳೆದು ನೋಡಿದವರೂ ಇದ್ದಾರೆ. ಕೆನಡಾದಲ್ಲಿ 1941ರಿಂದ ರೈತರು ನೆರೆಮನೆಗಳಲ್ಲಿ ಸೇರಿ ರೇಡಿಯೊ ಕೇಳಿ ಚರ್ಚಿಸುವ ಕೂಟಗಳಿದ್ದವು. ಅದನ್ನು ನೋಡಿ 1956ರಲ್ಲಿ ಯುನೆಸ್ಕೊ ನೆರವಿನಿಂದ ಆಕಾಶವಾಣಿಯ ಪುಣೆ ಕೇಂದ್ರ ಮಹಾರಾಷ್ಟ್ರದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ಪ್ರಯೋಗ ಮಾಡಿತು. ಒಂದೊಂದು ಹಳ್ಳಿಯಲ್ಲಿ ಇಪ್ಪತ್ತರಷ್ಟು ಜನ, ವಾರಕ್ಕೆರಡು ದಿನ, ಅರ್ಧ ಗಂಟೆಯ ಕಾರ್ಯಕ್ರಮ, ಆಮೇಲೆ ಚರ್ಚೆ. ಚರ್ಚೆಯಲ್ಲಿ ಎದ್ದ ಪ್ರಶ್ನೆಗಳು ರೇಡಿಯೊ ಕೇಂದ್ರಕ್ಕೆ ಹೋಗಬೇಕು, ಮುಂದಿನ ಕಾರ್ಯಕ್ರಮದಲ್ಲಿ ಉತ್ತರ ಬರಬೇಕು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಪರವಾಗಿ ಪಾಲ್ ನ್ಯೂರಾಥ್ ಎಂಬ ವಿದ್ವಾಂಸರು ಇದನ್ನು ಪರಿಶೀಲಿಸಿದರು. ಕೂಟವಿದ್ದ ಹಳ್ಳಿಗಳನ್ನು, ರೇಡಿಯೊ ಇದ್ದೂ ಕೂಟವಿಲ್ಲದ ಹಳ್ಳಿಗಳನ್ನು, ಎರಡೂ ಇಲ್ಲದ ಹಳ್ಳಿಗಳನ್ನು ಹೋಲಿಸಿದರು. ಕೂಟವಿದ್ದಲ್ಲಿ ಜನರ ತಿಳಿವಳಿಕೆ ಚೆನ್ನಾಗಿ ಬೆಳೆದಿತ್ತು. ಬರೀ ರೇಡಿಯೊ ಇದ್ದ ಹಳ್ಳಿಗಳಲ್ಲಿ ಅಷ್ಟು ಬೆಳೆದಿರಲಿಲ್ಲ. ಪೆಟ್ಟಿಗೆ ಒಂದೇ, ಮಾತೂ ಒಂದೇ. ಸುತ್ತ ಕೂತವರು ಬಾಯಿ ಬಿಟ್ಟರೋ ಇಲ್ಲವೋ ಎಂಬುದರಲ್ಲಿತ್ತು ವ್ಯತ್ಯಾಸ. 1959ರಿಂದ ಈ ಗೋಷ್ಠಿಗಳನ್ನು ದೇಶದ ಬೇರೆ ಭಾಗಗಳಿಗೂ ವಿಸ್ತರಿಸಿದರು. ಸರ್ಕಾರಿ ಕಡತದೊಳಗೆ ಹೋದ ಮೇಲೆ ಹಲವು ಕಡೆ ಅವು ಸೊರಗಿದವು. ಟ್ರಾನ್ಸಿಸ್ಟರ್ ಅಗ್ಗವಾಗಿ ಪ್ರತಿಯೊಬ್ಬನ ಹೆಗಲಿಗೂ ಒಂದೊಂದು ಬಂದಾಗ ಒಟ್ಟಿಗೆ ಕೂರುವ ಕಾರಣವೂ ತಪ್ಪಿತು. ಮೊಬೈಲಿನ ಕಾಲದಲ್ಲಿ ನಡೆದದ್ದನ್ನು ನೋಡಿದವರಿಗೆ ಇದು ಹೊಸ ಕಥೆಯಲ್ಲ.

ಸಾಕ್ಷರತಾ ಆಂದೋಲನದ ನೆನಪು ನನ್ನ ವಯಸ್ಸಿನವರಿಗೆಲ್ಲ ಇದೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್, 1990ರಲ್ಲಿ ಎರ್ನಾಕುಲಂ ಪೂರ್ಣ ಸಾಕ್ಷರ ಜಿಲ್ಲೆ ಎಂಬ ಘೋಷಣೆ, ಅದೇ ವರ್ಷ ಭಾರತ ಜ್ಞಾನ ವಿಜ್ಞಾನ ಸಮಿತಿಯ ಜಾಥಾ, ಬೀದಿ ನಾಟಕ, ಹಾಡು. ‘ಬಾಳಿಗೆ ಬೆಳಕು’ ಪುಸ್ತಕ ಹಿಡಿದ ಅಜ್ಜಿಯರು ಲಾಟೀನಿನ ಮುಂದೆ ಕೂತಿರುವ ಚಿತ್ರ ಪತ್ರಿಕೆಗಳಲ್ಲಿ ಬರುತ್ತಿತ್ತು. ಆಗಿನ ಯೋಜನೆಯಲ್ಲಿ ಜನ ಶಿಕ್ಷಣ ನಿಲಯ ಎಂಬುದೊಂದಿತ್ತು: ನಾಲ್ಕೈದು ಹಳ್ಳಿಗೆ ಒಂದು, ಅಲ್ಲಿ ಪತ್ರಿಕೆ, ಪುಸ್ತಕ, ಜೊತೆಗೆ ಚರ್ಚಾ ಮಂಡಲ. ಕಾಗದದ ಮೇಲೆ ಅದು ಒಳ್ಳೆಯ ಕಲ್ಪನೆ. ಸಹಿ ಮಾಡಲು ಬಂದರೆ ಸಾಕ್ಷರ ಎಂದು ಲೆಕ್ಕ ಒಪ್ಪಿಸುವ ಅವಸರದಲ್ಲಿ ಚರ್ಚಾ ಮಂಡಲವನ್ನು ಎಲ್ಲರೂ ಮರೆತರು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ಚಾಮರಾಜನಗರದಲ್ಲಿ 2001ರ ಜನಗಣತಿಯ ವೇಳೆಗೆ ಓದು ಬರಹ ಬಲ್ಲವರು ಅರ್ಧದಷ್ಟು ಮಾತ್ರ. 2011ರಲ್ಲಿ ಶೇಕಡಾ 61ರ ಆಸುಪಾಸು. ರಾಜ್ಯದ ಸರಾಸರಿ ಆಗ 75 ದಾಟಿತ್ತು.

ಆದರೆ ಅದೇ ಹೊತ್ತಿನಲ್ಲಿ ಸದ್ದಿಲ್ಲದೆ ಇನ್ನೊಂದು ನಡೆದಿತ್ತು. 1989ರಲ್ಲಿ ಮಹಿಳಾ ಸಮಖ್ಯಾ ಕರ್ನಾಟಕದಲ್ಲಿ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಆಗಿನ ಅವಿಭಜಿತ ಮೈಸೂರೂ ಒಂದು. ಇಂತಿಷ್ಟು ಜನಕ್ಕೆ ಅಕ್ಷರ ಕಲಿಸಬೇಕು ಎಂಬ ಗುರಿಯನ್ನೇ ಅದು ಇಟ್ಟುಕೊಳ್ಳಲಿಲ್ಲ. ಹೆಂಗಸರು, ಬಹುಪಾಲು ದಲಿತ ಹೆಂಗಸರು, ವಾರಕ್ಕೊಮ್ಮೆ ರಾತ್ರಿ ಸೇರಿ ತಮ್ಮ ಪ್ರಶ್ನೆಗಳನ್ನು ತಾವೇ ಹುಡುಕಿಕೊಳ್ಳಬೇಕು. ಕೂಲಿ ಯಾಕೆ ಕಡಿಮೆ, ನಲ್ಲಿ ನಮ್ಮ ಕೇರಿಗೆ ಯಾಕಿಲ್ಲ, ಕುಡಿದು ಹೊಡೆಯುವವನನ್ನು ಏನು ಮಾಡುವುದು? ಅಕ್ಷರ ಬೇಕು ಅನ್ನಿಸಿದಾಗ ಅವರೇ ಕೇಳಿದರು. ಕೇಂದ್ರದ ನೆರವು ನಿಂತು ಕಳೆದ ದಶಕದಲ್ಲಿ ಅದು ಮುಚ್ಚಿತು. 2000ದ ಆಸುಪಾಸಿನಲ್ಲಿ ಬಂದ ಸ್ತ್ರೀಶಕ್ತಿ ಸಂಘಗಳು ಇವೆ. ಅಲ್ಲಿ ಸಾಲದ ಲೆಕ್ಕವೇ ಹೆಚ್ಚು ನಿಜ, ಆದರೂ ವಾರಕ್ಕೊಮ್ಮೆ ಕೂರುವುದು ತಪ್ಪಿಲ್ಲ. ಉಡಿಗಾಲದ ಆ ಜಗಲಿಯ ಮೇಲೆ ಒಬ್ಬ ಹೆಂಗಸೂ ಇರಲಿಲ್ಲ ಎಂಬುದನ್ನು ಇಲ್ಲಿ ಬರೆದಿಡಬೇಕು. ಎರಡು ಸಾವಿರ ರೂಪಾಯಿ ಅವರದು, ಸುಳ್ಳು ವೀಡಿಯೊ ಹೆದರಿಸಿದ್ದು ಅವರನ್ನು, ಅದರ ಮೇಲೆ ಚರ್ಚೆ ಮಾತ್ರ ಗಂಡಸರದು.

ಸುಳ್ಳು ಸುದ್ದಿಗೆ ಯಂತ್ರ ಬೇಕಾಗಿಲ್ಲ ಎಂದು ತಿಳಿಯಲು ನಮ್ಮ ಜಿಲ್ಲೆಯವರಿಗಿಂತ ಯೋಗ್ಯರು ಬೇರೆ ಸಿಗಲಾರರು. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಮಾತು ವಾಟ್ಸ್ಯಾಪ್ ಹುಟ್ಟುವ ಎಷ್ಟೋ ಮೊದಲೇ ಬೆಂಗಳೂರಿನವರೆಗೆ ಓಡಾಡಿತ್ತು. ದೇವರಾಜ ಅರಸು, ಗುಂಡೂರಾವ್, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಪಟ್ಟಿ ಒಪ್ಪಿಸುತ್ತಿದ್ದರು. 1990ರ ನಂತರ ಮುಖ್ಯಮಂತ್ರಿಗಳು ವರ್ಷಗಟ್ಟಲೆ ಪಟ್ಟಣದ ಕಡೆ ಮುಖ ಹಾಕಲಿಲ್ಲ. 2007ರಲ್ಲಿ ಕುಮಾರಸ್ವಾಮಿ ಬಂದರು, ಅದೇ ವರ್ಷ ಅಧಿಕಾರವೂ ಹೋಯಿತು. ನೋಡಿದಿರಾ ಅಂದರು ಜನ. ಅವರ ಸರ್ಕಾರ ಬಿದ್ದದ್ದು ಅಧಿಕಾರ ಹಸ್ತಾಂತರದ ಜಗಳದಿಂದ ಎಂದು ಪತ್ರಿಕೆ ಓದುವವರಿಗೆಲ್ಲ ಗೊತ್ತಿತ್ತು. 2013ರಿಂದ 2018ರವರೆಗೆ ಸಿದ್ದರಾಮಯ್ಯ ಮತ್ತೆ ಮತ್ತೆ ಬಂದು ಐದು ವರ್ಷ ಪೂರೈಸಿದ ಮೇಲೂ ಆ ಮಾತು ಪೂರ್ತಿ ಸತ್ತಿಲ್ಲ. ಒಂದು ಮೂಢನಂಬಿಕೆ ಒಂದು ಊರಿನ ರಸ್ತೆ, ಆಸ್ಪತ್ರೆ, ಕಾಲೇಜುಗಳ ಮೇಲೆ ಎಷ್ಟು ಭಾರ ಹಾಕಬಲ್ಲದು ಎಂದು ಯಾರೂ ಲೆಕ್ಕ ಹಾಕಿದ ಹಾಗಿಲ್ಲ.

ಇದು ನಕ್ಕು ಬಿಡುವಂಥದ್ದಾಯಿತು. 2018ರ ಜುಲೈ 13, ಶುಕ್ರವಾರ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಅಂಥದ್ದಲ್ಲ. ಹೈದರಾಬಾದಿನ 32ರ ತರುಣ, ಸಾಫ್ಟ್‌ವೇರ್ ಎಂಜಿನಿಯರ್. ಗೆಳೆಯರ ಜೊತೆ ಬಂದಿದ್ದವನು. ದಾರಿಯಲ್ಲಿ ಸಿಕ್ಕ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಯಿತು. ಮಕ್ಕಳ ಕಳ್ಳರು ಎಂಬ ಸುದ್ದಿ ಅವರ ಕಾರಿಗಿಂತ ವೇಗವಾಗಿ ಮೊಬೈಲುಗಳಲ್ಲಿ ಮುಂದಿನ ಊರಿಗೆ ಮುಟ್ಟಿತು. ಅಲ್ಲಿ ಜನ ಅಡ್ಡಗಟ್ಟಿ ಹೊಡೆದು ಕೊಂದರು. ಅದೇ ವಾರದ ಬೆನ್ನಿಗೆ ವಾಟ್ಸ್ಯಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಕಡೆಗೆ ಒಮ್ಮೆಲೇ ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಆ ವೀಡಿಯೊ ಬಂದಾಗ ಮುರ್ಕಿಯ ಯಾವುದಾದರೂ ಜಗಲಿಯ ಮೇಲೆ ಒಬ್ಬ ಮುದುಕ, ಇದನ್ನು ಕಣ್ಣಾರೆ ನೋಡಿದವರು ಯಾರು ಎಂದು ಕೇಳಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಕೇಳಿದ್ದರೂ ಆ ಗುಂಪಿನಲ್ಲಿ ಕೇಳಿಸುತ್ತಿತ್ತೋ ಇಲ್ಲವೋ.

2020ರ ಏಪ್ರಿಲ್‌ನಲ್ಲಿ ಸಾಬರು ತರಕಾರಿಗೆ ಉಗುಳಿ ಮಾರುತ್ತಾರೆ ಎಂಬ ವೀಡಿಯೊಗಳು ಊರೂರು ಸುತ್ತಿದವು, ಎಲ್ಲಿಯದೋ ಯಾವಾಗಿನದೋ. ನನ್ನ ಅರಿಶಿನದ ಗೆಳೆಯನನ್ನು ಇಪ್ಪತ್ತು ವರ್ಷದ ಪರಿಚಯದ ಊರಿನಲ್ಲೇ ಒಳಗೆ ಬಿಡಲಿಲ್ಲ. ಅವನು ಈಗಲೂ ಆ ದಿನದ ಬಗ್ಗೆ ಮಾತಾಡುವುದಿಲ್ಲ. ಮರುವರ್ಷ ಲಸಿಕೆ ಬಂದಾಗ, ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ ಎಂದು ನಂಬಿ ಬಾಗಿಲು ಹಾಕಿಕೊಂಡವರು ನಮ್ಮ ಮೊಹಲ್ಲಾದಲ್ಲೂ ಇದ್ದರು. ಅದನ್ನು ಹಬ್ಬಿಸಿದ್ದು ಹೊರಗಿನವರಲ್ಲ, ನಮ್ಮದೇ ಗುಂಪುಗಳು. ಜುಮಾದ ದಿನ ಮೌಲ್ವಿಯವರೊಬ್ಬರು ಎಲ್ಲರೆದುರು ತಾವೇ ಹಾಕಿಸಿಕೊಂಡ ಮೇಲೆ ಸ್ವಲ್ಪ ಸಡಿಲಾಯಿತು. ಸುಳ್ಳಿನಿಂದ ಪೆಟ್ಟು ತಿಂದವರಿಗೆ ಸುಳ್ಳಿನ ಮೇಲೆ ಎಚ್ಚರ ಹೆಚ್ಚಿರಬೇಕು. ಇರಲಿಲ್ಲ.

ಇನ್ನು ಕೃತಕ ಬುದ್ಧಿಯ ಮಾತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ಲೋಕವೆಲ್ಲ ಅದನ್ನೇ ಮಾತಾಡುತ್ತಿದೆ. ಯಂತ್ರದೊಳಗೆ ಯಾರೋ ಕೂತು ಯೋಚಿಸುತ್ತಾರೆ ಎಂದು ತಿಳಿದವರಿದ್ದಾರೆ. ಸರಳವಾಗಿ ಹೇಳುವುದಾದರೆ, ಕೋಟ್ಯಂತರ ಪುಟಗಳ ಬರಹವನ್ನು ಅದಕ್ಕೆ ಉಣಿಸಿರುತ್ತಾರೆ. ಯಾವ ಮಾತಿನ ಹಿಂದೆ ಯಾವ ಮಾತು ಬರಬಹುದು ಎಂದು ಅದು ಲೆಕ್ಕ ಹಾಕಿ ಕೂಡಿಸುತ್ತದೆ. ಸರಿಯಾದದ್ದನ್ನು ಹೇಳುವ ಧೈರ್ಯದಲ್ಲೇ ತಪ್ಪನ್ನೂ ಹೇಳುತ್ತದೆ. ಬರಹ ಹೆಚ್ಚಿರುವ ಭಾಷೆಯಲ್ಲಿ ಅದು ಜಾಣ, ಕಡಿಮೆಯಿರುವ ಭಾಷೆಯಲ್ಲಿ ತಡವರಿಸುತ್ತದೆ. 2011ರ ಜನಗಣತಿಯ ಪ್ರಕಾರ ಕನ್ನಡವನ್ನು ತಾಯ್ನುಡಿ ಎಂದವರು ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು. ಅಷ್ಟು ಜನರ ಮಾತು ಯಂತ್ರಕ್ಕೆ ಸಿಗುವಂತೆ ಬರಹದಲ್ಲಿ ಇಲ್ಲ. ಅದಕ್ಕೇ ಈಗ ಜನರ ಧ್ವನಿಯನ್ನೇ ಸಂಗ್ರಹಿಸುತ್ತಿದ್ದಾರೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ‘ವಾಣಿ’ ಎಂಬ ಹೆಸರಿನಲ್ಲಿ ದೇಶದ 773 ಜಿಲ್ಲೆಗಳ ಮಾತನ್ನು ಧ್ವನಿಮುದ್ರಿಸಲು ಹೊರಟಿದೆ.

ಈ ಕೆಲಸ ನಮ್ಮ ಬಾಗಿಲಿಗೇ ಬಂದಿದೆ. ಕಾರ್ಯ ಎಂಬ ಸಂಸ್ಥೆ ಹಳ್ಳಿಗರಿಗೆ ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಕೊಟ್ಟು ಓದಿಸಿ ಧ್ವನಿ ಸಂಗ್ರಹಿಸುವುದನ್ನು 2023ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ವಿವರವಾಗಿ ಬರೆಯಿತು. ಆ ಬರಹದಲ್ಲಿ ಬಂದ ಹಳ್ಳಿಗಳ ಹೆಸರು ಆಲಹಳ್ಳಿ, ಚಿಲಕವಾಡಿ. ಚಿಲಕವಾಡಿ ನಮ್ಮ ಕೊಳ್ಳೇಗಾಲದ ಕಡೆಯ ಊರು. ಕ್ಷಯರೋಗದ ಬಗ್ಗೆ ಕನ್ನಡದಲ್ಲಿ ಉತ್ತರ ಹೇಳುವ ಯಂತ್ರಕ್ಕಾಗಿ ಸಾವಿರಾರು ಜನ ಹೀಗೆ ಮಾತು ಕೊಟ್ಟರು. ಗಂಟೆಗೆ ಸುಮಾರು ಐದು ಡಾಲರ್, ಅಂದರೆ ನಾನೂರು ರೂಪಾಯಿ ಕೂಲಿ. ಆ ಧ್ವನಿ ಮತ್ತೆ ಮಾರಾಟವಾದರೆ ಅದರಲ್ಲೂ ಪಾಲು ಎಂದು ಸಂಸ್ಥೆ ಹೇಳಿದೆ. ಹೊಲದ ಕೂಲಿಯ ಜೊತೆ ಹೋಲಿಸಿದರೆ ಇದು ದೊಡ್ಡ ಮೊತ್ತ, ಅದನ್ನು ಕೀಳಾಗಿ ಕಾಣುವ ಹಕ್ಕು ಪಟ್ಟಣದಲ್ಲಿ ಕೂತ ನಮಗಿಲ್ಲ. ಆದರೆ ಕೆಲಸ ಕೆಲವು ದಿನಗಳದ್ದು. ದುಡ್ಡು ಬಂದು ಮುಗಿಯುತ್ತದೆ, ಧ್ವನಿ ಯಂತ್ರದೊಳಗೆ ಉಳಿಯುತ್ತದೆ.

ಇದನ್ನು ಓದಿದಾಗ ನನಗೆ ನಮ್ಮದೇ ಸೀಮೆಯ ಹಳೆಯ ಪ್ರಸಂಗವೊಂದು ನೆನಪಾಯಿತು. ಟಿಪ್ಪು ಸುಲ್ತಾನರು ಬಿದ್ದ ಮೇಲೆ ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರು ದೇಶದ ಸರ್ವೆಗೆ ಬಂದ. ನೆಲ ಅಳೆಯುವುದರ ಜೊತೆಗೆ ಊರೂರಿನ ಕೈಫಿಯತ್ತು, ಶಾಸನ, ತಾಳೆಗರಿ, ಬಾಯಿಮಾತಿನ ಚರಿತ್ರೆಗಳನ್ನು ಸಂಗ್ರಹಿಸಿದ. 1804ರಲ್ಲಿ ಅವನಿಗೆ ಚಾಮರಾಜನಗರದ ಬಳಿಯ ಮಲೆಯೂರು ಕನಕಗಿರಿಯ ಜೈನ ವಿದ್ವಾಂಸ ದೇವಚಂದ್ರನ ಭೇಟಿಯಾಯಿತು. ಆ ಸೀಮೆಯ ಕಥೆಗಳನ್ನೆಲ್ಲ ಬಲ್ಲವನು ದೇವಚಂದ್ರ, ಹೇಳಿದ. ಮೆಕೆಂಜಿಯ ಸಂಗ್ರಹ ಮುಂದೆ ಕೆಲವು ಲಂಡನ್ನಿಗೆ, ಕೆಲವು ಮದ್ರಾಸಿಗೆ ಹೋಯಿತು. 1815ರಲ್ಲಿ ಅವನು ಇಡೀ ಹಿಂದೂಸ್ಥಾನದ ಮೊದಲ ಸರ್ವೇಯರ್ ಜನರಲ್ ಆದ. ಅವನು ಕೂಡಿಸಿಡದಿದ್ದರೆ ಎಷ್ಟೋ ಕಾಗದ ಗೆದ್ದಲು ತಿನ್ನುತ್ತಿತ್ತು ಎಂಬುದು ಒಪ್ಪತಕ್ಕ ಮಾತು. ಆದರೆ ದೇವಚಂದ್ರ ಹೇಳಿ ಸುಮ್ಮನಾಗಲಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಮೂರು ದಶಕಗಳ ಮೇಲೆ, ಮುದುಕನಾದ ನಂತರ, ತನ್ನದೇ ‘ರಾಜಾವಳಿ ಕಥೆ’ಯನ್ನು ಕನ್ನಡದಲ್ಲಿ ಬರೆದು ಮುಗಿಸಿದ. ಕೊಟ್ಟದ್ದನ್ನು ಕೊಟ್ಟ, ತನ್ನ ಲೆಕ್ಕವನ್ನು ತಾನೇ ಇಟ್ಟ.

ನಮ್ಮ ಮನೆಮಾತು ದಖ್ಖನಿ. ನಾನಿಯ ಅಂಗಳದಲ್ಲಿ ನಾನು ಲಖನೌದ ಉರ್ದುವಿನಲ್ಲಿ ಓದಿ ದಖ್ಖನಿಯಲ್ಲಿ ಅರ್ಥ ಹೇಳುತ್ತಿದ್ದೆ. ಈಗ ಯಂತ್ರಕ್ಕೆ ನನ್ನ ಉರ್ದು ತಿಳಿಯುತ್ತದೆ, ಖಾಲಾಳ ‘ನಕ್ಕೊ’, ‘ಹೌ’ ಕೇಳಿದರೆ ತಬ್ಬಿಬ್ಬಾಗುತ್ತದೆ. ಉಡಿಗಾಲದ ‘ಒಸಿ’, ‘ಮುಂದ’ಗಳಿಗೂ ಅದೇ ಗತಿ. ಅವತ್ತು ಆ ಹುಡುಗ ಹಿರಿಯರ ಪ್ರಶ್ನೆಯನ್ನೇ ಮೊಬೈಲಿಗೆ ಹಾಕಿದ. ಅದು ಶುದ್ಧ ಗ್ರಾಂಥಿಕ ಕನ್ನಡದಲ್ಲಿ ಬುದ್ಧಿಮತ್ತೆಯ ವ್ಯಾಖ್ಯಾನ ಹೇಳಿತು. ಯಾರಿಗೂ ಅರ್ಥವಾಗಲಿಲ್ಲ. ನಮ್ಮೂರು ಗೊತ್ತೇನೋ ಕೇಳು ಅಂದರು ಇನ್ನೊಬ್ಬರು. ಊರಿನಲ್ಲಿ ಹೊಳೆ ಹರಿಯುತ್ತದೆ ಎಂದು ಅದು ಬಹಳ ವಿನಯದಿಂದ ಬಣ್ಣಿಸಿತು. ಬೋರ್‌ವೆಲ್ ಬತ್ತಿ ಹಣ ಕಳೆದುಕೊಂಡವರು ಅಲ್ಲಿ ಮೂವರು ಕೂತಿದ್ದರು. ಅಷ್ಟು ನಗು ನಾನು ಬಹಳ ದಿನದಿಂದ ಕೇಳಿರಲಿಲ್ಲ.

2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಿದರು. ಐದು ಸಾವಿರಕ್ಕೂ ಹೆಚ್ಚಿವೆ. ಅವನ್ನು ಅರಿವು ಕೇಂದ್ರ ಎಂದು ಕರೆದರು, 2020ರಲ್ಲಿ ‘ಓದುವ ಬೆಳಕು’ ಎಂದು ಮಕ್ಕಳನ್ನು ಸೇರಿಸಿದರು, ಕಂಪ್ಯೂಟರ್ ಇಟ್ಟರು. ಕೆಲವು ಕಡೆ ನೋಡಿದ್ದೇನೆ, ನಿಜಕ್ಕೂ ಚೆನ್ನಾಗಿವೆ, ಮಕ್ಕಳು ತುಂಬಿರುತ್ತಾರೆ. ಆದರೆ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ: ಮಾತಾಡಬಾರದು. ಓದುವವರಿಗೆ ಅದು ಬೇಕು, ಒಪ್ಪುತ್ತೇನೆ. ಮಾತಾಡಲು ಇನ್ನೊಂದು ಕೋಣೆ, ಇಲ್ಲವೇ ಹೊರಗೊಂದು ಕಲ್ಲು ಬೆಂಚಾದರೂ ಹಾಕಬಹುದಿತ್ತು. ಜನ ಶಿಕ್ಷಣ ನಿಲಯದಲ್ಲಿ ಮರೆತದ್ದನ್ನು ಇಲ್ಲೂ ಮರೆತಿದ್ದಾರೆ. ಹಾಗಾಗಿ ಚರ್ಚಾ ಮಂಡಲ ಟೀ ಅಂಗಡಿಯಲ್ಲೇ ಉಳಿದಿದೆ, ಹೆಂಗಸರು ಮನೆಯಲ್ಲೇ ಉಳಿದಿದ್ದಾರೆ.

ಕತ್ತಲಾಗುತ್ತಿದ್ದಂತೆ ಗೆಳೆಯ ಬಂದ. ದರ ಕುದುರಿರಲಿಲ್ಲ. ಹುಡುಗ ಆ ಹೊತ್ತಿಗೆ ಇಲಾಖೆಯ ಸುದ್ದಿಯೊಂದನ್ನು ಹುಡುಕಿ ತೆಗೆದಿದ್ದ: ಹಣ ನಿಲ್ಲುವುದಿಲ್ಲ, ವೀಡಿಯೊ ಸುಳ್ಳು. ಅದನ್ನು ಗಟ್ಟಿಯಾಗಿ ಓದಿದ. ಎಲ್ಲರೂ ತಲೆಯಾಡಿಸಿದರು. ಹಿರಿಯರು ಮಾತ್ರ ಬೀಡಿ ಹಚ್ಚುತ್ತಾ, “ಇದ್ನ ಹೇಳ್ದವ್ರು ಯಾರು, ಅದ್ನೂ ಓದು” ಅಂದರು. ಹುಡುಗ ಮತ್ತೆ ಮೇಲಿನಿಂದ ಓದತೊಡಗಿದ. ಎದುರು ಮನೆಯ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತು ಕೇಳುತ್ತಿದ್ದರು. ಅವರಲ್ಲೊಬ್ಬಳು, “ಒಸಿ ಗಟ್ಟಿಯಾಗಿ ಓದಪ್ಪಾ, ನಮಗೂ ಕೇಳ್ಲಿ” ಅಂದಳು.